2ಜಿ ನಿಂತರೆ ತೋಟದ ಮೊಬೈಲ್ ಸ್ಟಾರ್ಟರ್ ಗತಿ ಏನು?

ತೋಟದಮನೆ
ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರು ಜಿಲ್ಲೆ. ಅಡಿಕೆ, ತೆಂಗು ಇದೆ. ಬೋರ್‌ವೆಲ್ ಮನೆಯಿಂದ ದೂರ, ಹಳ್ಳದ ಆಚೆ. ಮೋಟರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೇವೆ. ಡಬ್ಬಿಯೊಳಗೆ ಒಂದು ಸಿಮ್ ಇದೆ. ಅಪ್ಪ ಕೀಪ್ಯಾಡ್ ಫೋನಿನಿಂದ ಆ ನಂಬರಿಗೆ ಕಾಲ್ ಮಾಡುತ್ತಾರೆ. ಡಬ್ಬಿ ತಾನೇ ಎತ್ತುತ್ತದೆ. 1 ಒತ್ತಿದರೆ ಮೋಟರ್ ಆನ್, 2 ಒತ್ತಿದರೆ ಆಫ್. ತ್ರೀ ಫೇಸ್ ಬಂದರೆ ಅದೇ ತಿರುಗಿ ಕಾಲ್ ಮಾಡಿ "ಕರೆಂಟ್ ಬಂದಿದೆ" ಅನ್ನುತ್ತದೆ. ರಾತ್ರಿ ಎರಡು ಗಂಟೆಗೆ ಬ್ಯಾಟರಿ ಹಿಡಿದುಕೊಂಡು ಹಳ್ಳ ದಾಟುವ ಕೆಲಸ ತಪ್ಪಿತ್ತು.

ಈಗ ಕೆಲವು ತಿಂಗಳಿಂದ ಕಾಲ್ ಮಾಡಿದರೆ "ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ" ಎಂದೇ ಬರುತ್ತದೆ. ನನ್ನ 4ಜಿ ಫೋನ್ ಅದೇ ಜಾಗದಲ್ಲಿ ಇಟ್ಟರೆ ಸಿಗ್ನಲ್ ಕಡ್ಡಿ ಚೆನ್ನಾಗಿ ತೋರಿಸುತ್ತದೆ. ಎರಡೂ ಒಂದೇ ಕಂಪನಿ ಸಿಮ್. ಕಸ್ಟಮರ್ ಕೇರ್‌ನವರು "4ಜಿ ಸಿಮ್‌ಗೆ ಬದಲಾಯಿಸಿ" ಅಂದರು, ಬದಲಾಯಿಸಿದೆ. ಹಾಗೇ ಇದೆ. ಸ್ಟಾರ್ಟರ್ ಅಂಗಡಿಯವರು "ಅಣ್ಣ, 2ಜಿ ಮುಗೀತು, ಹೊಸ 4ಜಿ ಡಬ್ಬಿ ತಗೊಳ್ಳಿ" ಅನ್ನುತ್ತಿದ್ದಾರೆ.

ನನ್ನ ಪ್ರಶ್ನೆ ಇಷ್ಟೇ. 2ಜಿ ನಿಜವಾಗಲೂ ನಿಲ್ಲಿಸುತ್ತಾರಾ? ಯಾವಾಗ? ಈಗ 4ಜಿ ಡಬ್ಬಿ ತಗೊಂಡರೆ ನಾಳೆ "4ಜಿ ಮುಗೀತು, 5ಜಿ ತಗೊಳ್ಳಿ" ಅನ್ನುವುದಿಲ್ಲ ಅಂತ ಏನು ಗ್ಯಾರಂಟಿ?

ಸಿಗ್ನಲ್ ಸೀನ
ದೇಶ 6ಜಿ ಬಗ್ಗೆ ಮಾತಾಡುತ್ತಿದೆ, ನೀವಿನ್ನೂ 2ಜಿ ಹಿಡಿದುಕೊಂಡು ಕೂತಿದ್ದೀರಿ. ಹೊಸದು ತಗೊಳ್ಳಿ ಗುರು. ಮುಗೀತು.

ತೋಟದಮನೆ
ಸೀನ ಅವರೇ, ದುಡ್ಡು ನೀವು ಕೊಡುತ್ತೀರಾ? ಹಳೇ ಡಬ್ಬಿ ಕೆಟ್ಟಿಲ್ಲ. ಕೆಡದೇ ಇರುವ ವಸ್ತುವನ್ನು ಬಿಸಾಕುವುದು ಯಾಕೆ ಎಂದು ಕೇಳಿದ್ದು.

ಆರ್‌ಎಫ್ ಹುಡುಗ
ಇದೇ ಕ್ಷೇತ್ರದಲ್ಲಿ ಕೆಲಸ ಮಾಡುತ್ತೇನೆ, ಯಾವ ಕಂಪನಿ ಅಂತ ಕೇಳಬೇಡಿ.

ಮೊದಲು ಸಿಮ್ ವಿಷಯ. 4ಜಿ ಸಿಮ್ ಹಾಕಿದರೆ 2ಜಿ ಡಬ್ಬಿ 4ಜಿ ಆಗುವುದಿಲ್ಲ. ಒಳಗಿರುವ ರೇಡಿಯೊ ಮಾಡ್ಯೂಲ್, ಅಂದರೆ ಟವರ್ ಜೊತೆ ಮಾತಾಡುವ ಭಾಗ, ಯಾವುದು ಎನ್ನುವುದೇ ಮುಖ್ಯ. ಹಳೇ ಸ್ಟಾರ್ಟರ್‌ಗಳಲ್ಲಿ ಸಿಮ್800 ತರಹದ ಮಾಡ್ಯೂಲ್ ಇರುತ್ತದೆ. ಅದಕ್ಕೆ ಜಿಎಸ್‌ಎಂ, ಅಂದರೆ 2ಜಿ, ಬಿಟ್ಟು ಬೇರೆ ಏನೂ ಗೊತ್ತಿಲ್ಲ. ಪಕ್ಕದಲ್ಲೇ 4ಜಿ ಟವರ್ ಇದ್ದರೂ ಅದರ ಪಾಲಿಗೆ ಇಲ್ಲ.

ಇನ್ನು ಕಡ್ಡಿ ಯಾಕೆ ಕಡಿಮೆಯಾಯಿತು? ಕಂಪನಿಗಳು 2ಜಿಯನ್ನು ಒಂದೇ ದಿನ ಸ್ವಿಚ್ ಆಫ್ ಮಾಡುತ್ತಿಲ್ಲ. ಅವರ ಹತ್ತಿರ ಇರುವ ತರಂಗಾಂತರ ಇಷ್ಟೇ. 900 ಮತ್ತು 1800 ಮೆಗಾಹರ್ಟ್ಸ್‌ನಲ್ಲಿ ಮೊದಲು ಪೂರ್ತಿ 2ಜಿ ಇತ್ತು. ಈಗ ಅದರಲ್ಲಿ ದೊಡ್ಡ ಪಾಲನ್ನು 4ಜಿಗೆ ಕೊಟ್ಟು 2ಜಿಗೆ ಸಣ್ಣ ಪಟ್ಟಿ ಉಳಿಸಿದ್ದಾರೆ. ಇದಕ್ಕೆ ನಾವು ರೀಫಾರ್ಮಿಂಗ್ ಅನ್ನುತ್ತೇವೆ. ಜಿಎಸ್‌ಎಂ ಒಂದು ಚಾನೆಲ್‌ಗೆ 200 ಕಿಲೋಹರ್ಟ್ಸ್ ಸಾಕು, ಆದರೆ ಅಕ್ಕಪಕ್ಕದ ಟವರ್‌ಗಳು ಅದೇ ಚಾನೆಲ್ ಬಳಸಿದರೆ ಒಂದಕ್ಕೊಂದು ಗದ್ದಲ. ಪಟ್ಟಿ ಚಿಕ್ಕದಾದಷ್ಟೂ ಅದೇ ಚಾನೆಲ್ ಹತ್ತಿರದಲ್ಲೇ ಮತ್ತೆ ಬಳಸಬೇಕಾಗುತ್ತದೆ. ಅಂಚಿನಲ್ಲಿ ಇರುವವರಿಗೆ ಮೊದಲು ಪೆಟ್ಟು. ನಿಮ್ಮ ಬೋರ್‌ವೆಲ್ ಹಾಗೆ ಅಂಚಿನಲ್ಲಿ ಇರಬೇಕು.

ದಿನಾಂಕ? ನಮ್ಮ ದೇಶದಲ್ಲಿ ಸರ್ಕಾರ 2ಜಿಗೆ ಕೊನೆಯ ದಿನ ಅಂತ ಹಾಕಿಲ್ಲ. ಹರಾಜಿನಲ್ಲಿ ತಗೊಂಡ ತರಂಗಾಂತರದಲ್ಲಿ ಯಾವ ತಂತ್ರಜ್ಞಾನ ಬೇಕಾದರೂ ಓಡಿಸಬಹುದು. ಹಾಗಾಗಿ ನಿಲ್ಲಿಸುವುದು, ಬಿಡುವುದು ಕಂಪನಿಗಳ ಲೆಕ್ಕಾಚಾರ.

ಗುಬ್ಬಿ ಗೌಡ
ಅದಕ್ಕೇ ನೋಡಿ ನಮ್ಮೂರಲ್ಲೂ ಸ್ಟಾರ್ಟರ್ ಎಲ್ಲ ಒಂದೇ ಸಲ ಕೈಕೊಟ್ಟಿದ್ದು. ನಾವು ಆಂಟೆನಾ ವೈರ್ ಇಲಿ ಕಡಿದಿದೆ ಅಂದುಕೊಂಡಿದ್ದೆವು.

ಓದುಗ 77
ಒಂದು ಡೌಟ್. 2ಜಿ ಹೋಗುತ್ತೆ ಅಂತೀರಿ, ಮಧ್ಯದಲ್ಲಿ 3ಜಿ ಅಂತ ಒಂದಿತ್ತಲ್ಲ, ಅದು ಏನಾಯಿತು? ನನ್ನ ಹಳೇ ಫೋನ್ ಡಬ್ಬದ ಮೇಲೆ ದೊಡ್ಡದಾಗಿ 3ಜಿ ಅಂತ ಇದೆ.

ಆರ್‌ಎಫ್ ಹುಡುಗ
3ಜಿಗೆ 2010ರ ಹರಾಜಿನಲ್ಲಿ ಕಂಪನಿಗಳು ಸರ್ಕಾರಕ್ಕೆ 67 ಸಾವಿರ ಕೋಟಿಗಿಂತ ಜಾಸ್ತಿ ಕಟ್ಟಿದವು. ಹತ್ತು ವರ್ಷ ಕಳೆಯುವ ಹೊತ್ತಿಗೆ ಏರ್‌ಟೆಲ್ 2020ರಲ್ಲಿ ತನ್ನ 3ಜಿ ಪೂರ್ತಿ ಮುಚ್ಚಿತು. 3ಜಿ ಫೋನ್ ಇದ್ದವರು ಮುಂದಕ್ಕೆ ಹೋಗಲಿಲ್ಲ, ಹಿಂದಕ್ಕೆ 2ಜಿಗೆ ಬಿದ್ದರು! ತಮಾಷೆ ಅಂದರೆ ಕಿರಿಯದು ಮೊದಲು ಹೋಯಿತು, ಹಿರಿಯದು ಇನ್ನೂ ಇದೆ. ಕಾರಣ ಸುಲಭ. ಡೇಟಾಗೆ 4ಜಿ ಬಂತು, 3ಜಿ ಬೇಡವಾಯಿತು. ಮಾತಾಡುವುದಕ್ಕೆ ಕೀಪ್ಯಾಡ್ ಫೋನಿಗೆ 2ಜಿಯೇ ಬೇಕು, ಅದನ್ನು ಬಿಡಲು ಆಗಲಿಲ್ಲ.

ಅವೆನ್ಯೂ ರೋಡ್
ಸ್ಟಾರ್ಟರ್ ಒಂದೇ ಅಲ್ಲ ಸ್ವಾಮಿ. ನಮ್ಮ ಅಂಗಡಿಯ ಹಳೇ ಸೌಂಡ್ ಬಾಕ್ಸ್ 2ಜಿ ಇತ್ತು. ಗಿರಾಕಿ ದುಡ್ಡು ಹಾಕಿ, ಸ್ಕ್ರೀನ್ ತೋರಿಸಿ, ಸಾಮಾನು ತಗೊಂಡು ಮೂಲೆ ತಿರುಗಿದ ಮೇಲೆ ಇದು ನಿಧಾನಕ್ಕೆ "ರೂಪಾಯಿ ನೂರ ಇಪ್ಪತ್ತು ಸ್ವೀಕರಿಸಲಾಗಿದೆ" ಅನ್ನೋದು. ಒಂದು ದಿನ ಸಂಜೆ ಜನ ಜಾಸ್ತಿ ಇದ್ದಾಗ ಯಾರ ದುಡ್ಡನ್ನು ಹೇಳುತ್ತಿದೆ ಅಂತಲೇ ಗೊತ್ತಾಗದೆ ಒಬ್ಬರ ಜೊತೆ ಜಗಳವೇ ಆಯಿತು. 4ಜಿ ಬಾಕ್ಸ್ ಬಂದ ಮೇಲೆ ಆ ಕಾಟ ಇಲ್ಲ.

ಸಿಗ್ನಲ್ ಸೀನ
ಅದನ್ನೇ ನಾನು ಹೇಳಿದ್ದು. ಹೊಸದು ಬಂದರೆ ಚೆನ್ನಾಗಿರುತ್ತೆ.

ಅವೆನ್ಯೂ ರೋಡ್
ನನ್ನ ಬಾಕ್ಸನ್ನು ಅವರೇ ಬಂದು ಬದಲಾಯಿಸಿ ಹೋದರು ಸೀನಣ್ಣ. ತೋಟದವರ ಡಬ್ಬಿಯನ್ನು ಯಾರು ಬಂದು ಬದಲಾಯಿಸುತ್ತಾರೆ?

ಹಳೇ ಎಕ್ಸ್‌ಚೇಂಜ್
ನಾನು ದೂರವಾಣಿ ಇಲಾಖೆಯಲ್ಲಿ ಇದ್ದು ನಿವೃತ್ತನಾದವನು. ಈ ಚರ್ಚೆ ಓದಿ ಬರೆಯದೇ ಇರಲು ಆಗಲಿಲ್ಲ.

ನಾನು ಸೇರಿದಾಗ ಸ್ಟ್ರೌಜರ್ ಎಕ್ಸ್‌ಚೇಂಜ್. ಇಡೀ ಹಾಲ್ ತುಂಬ ಕಟಕಟ ಸದ್ದು. ಆಮೇಲೆ ಕ್ರಾಸ್‌ಬಾರ್, ಆಮೇಲೆ ಎಲೆಕ್ಟ್ರಾನಿಕ್. 1984ರಲ್ಲಿ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಶುರುವಾಯಿತು. ಅವರು ಹಳ್ಳಿಗಳಿಗಾಗಿ ಮಾಡಿದ 128 ಪೋರ್ಟಿನ ಎಕ್ಸ್‌ಚೇಂಜ್ ಮೊದಲು ಕೆಲಸ ಶುರು ಮಾಡಿದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಅದರ ದೊಡ್ಡ ಗುಣ ಏನು ಗೊತ್ತೇ? ಎಸಿ ಬೇಕಿರಲಿಲ್ಲ. ಹೊರದೇಶದ ಎಕ್ಸ್‌ಚೇಂಜ್‌ಗಳಿಗೆ ತಣ್ಣನೆ ಕೋಣೆ ಬೇಕು, ಧೂಳು ಇರಬಾರದು. ಇದು ನಮ್ಮ ಬಿಸಿಲು, ಧೂಳು ಎರಡನ್ನೂ ತಡೆದುಕೊಳ್ಳುತ್ತಿತ್ತು. ಹಳ್ಳಿ ಹೇಗಿದೆ ಎಂದು ಮೊದಲು ನೋಡಿ, ಆಮೇಲೆ ಯಂತ್ರ ಮಾಡಿದ್ದರು.

ಹಳೇದರಿಂದ ಹೊಸದಕ್ಕೆ ಹೋಗುವ ರಾತ್ರಿಯನ್ನು ಕಟ್‌ಓವರ್ ಅನ್ನುತ್ತಿದ್ದೆವು. ತಿಂಗಳುಗಟ್ಟಲೆ ತಯಾರಿ. ಎಂಡಿಎಫ್, ಅಂದರೆ ಊರಿನ ತಂತಿಗಳೆಲ್ಲ ಬಂದು ಸೇರುವ ಚೌಕಟ್ಟಿನಲ್ಲಿ, ಪ್ರತಿ ಗ್ರಾಹಕರ ತಂತಿ ಜೋಡಿಯನ್ನು ಹಳೇ ಎಕ್ಸ್‌ಚೇಂಜಿಗೂ ಹೊಸ ಎಕ್ಸ್‌ಚೇಂಜಿಗೂ ಎರಡೂ ಕಡೆ ಕಟ್ಟಿರುತ್ತಿದ್ದೆವು. ಹೊಸ ಕಡೆಯ ಸಂಪರ್ಕದಲ್ಲಿ ಕರೆಂಟ್ ಹರಿಯದ ಹಾಗೆ ಸಣ್ಣ ಪ್ಲಾಸ್ಟಿಕ್ ಚೂರು ಸಿಕ್ಕಿಸಿ, ಸಾಲಾಗಿ ನೂಲಿಗೆ ಪೋಣಿಸಿ ಇಡುವುದು. ನಡುರಾತ್ರಿ ಸಾಹೇಬರು ಕೈ ಎತ್ತಿದ ತಕ್ಷಣ ಒಂದು ಕಡೆ ಫ್ಯೂಸ್ ಕೀಳುವುದು, ಇನ್ನೊಂದು ಕಡೆ ನೂಲು ಎಳೆಯುವುದು. ಚೂರುಗಳೆಲ್ಲ ಟಪಟಪ ನೆಲಕ್ಕೆ ಬೀಳುತ್ತಿದ್ದವು. ಮುಂದಿನ ಕ್ಷಣದಲ್ಲಿ ಊರಿಗೆಲ್ಲ ಹೊಸ ಡಯಲ್ ಟೋನ್. ಬೆಳಗ್ಗೆ ಎದ್ದ ಗ್ರಾಹಕರಿಗೆ ಏನಾಯಿತು ಎಂದೇ ತಿಳಿಯುತ್ತಿರಲಿಲ್ಲ. ಅವರ ಮನೆಯ ಕಪ್ಪು ಫೋನ್ ಅದೇ, ಬದಲಾಗಿದ್ದು ನಮ್ಮ ಕಡೆ ಮಾತ್ರ.

ಈಗ ಉಲ್ಟಾ. ಜಾಲ ಬದಲಾದರೆ ಗ್ರಾಹಕನೇ ತನ್ನ ಖರ್ಚಿನಲ್ಲಿ ಫೋನ್ ಬದಲಾಯಿಸಬೇಕು, ಸ್ಟಾರ್ಟರ್ ಬದಲಾಯಿಸಬೇಕು. ಇದು ನನಗೆ ಸರಿ ಕಾಣುವುದಿಲ್ಲ.

ಓದುಗ 77
ಸರ್, ಆ ನೂಲು ಎಳೆಯುವ ಕಥೆ ಇನ್ನೂ ಸ್ವಲ್ಪ ಬರೆಯಬೇಕಿತ್ತು. ತಪ್ಪಾಗಿ ಬೇಗ ಎಳೆದವರು ಯಾರಾದರೂ ಇದ್ದರಾ?

ಹಳೇ ಎಕ್ಸ್‌ಚೇಂಜ್
ಇದ್ದರು. ಹೆಸರು ಹೇಳುವುದಿಲ್ಲ.

ಆರ್‌ಎಫ್ ಹುಡುಗ
ಸರ್, ಗೌರವದಿಂದಲೇ ಹೇಳುತ್ತೇನೆ. ಆಗ ಗ್ರಾಹಕರು ಎಷ್ಟು ಜನ? ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವ ಕಾಲ. ತಂತಿಯಲ್ಲಿ ಎರಡೂ ಕಡೆ ಕಟ್ಟಿಡಬಹುದು. ಗಾಳಿಯಲ್ಲಿ ಹಾಗೆ ಆಗುವುದಿಲ್ಲ, ತರಂಗಾಂತರ 2ಜಿಗೆ ಕೊಟ್ಟರೆ 4ಜಿಗೆ ಅಷ್ಟು ಕಡಿಮೆ. ಅದೇ 900ರಲ್ಲಿ 4ಜಿ ಓಡಿಸಿದರೆ ಆ ಊರಿನ ಮಕ್ಕಳ ಆನ್‌ಲೈನ್ ಕ್ಲಾಸೂ ನಡೆಯುತ್ತದೆ, ಮಾತೂ ನಡೆಯುತ್ತದೆ.

ಹಳೇ ಎಕ್ಸ್‌ಚೇಂಜ್
ಒಪ್ಪುತ್ತೇನೆ. ನಾನು ಬೇಡ ಅನ್ನುತ್ತಿರುವುದು 4ಜಿಯನ್ನಲ್ಲ. ಹೇಳದೆ ಕೇಳದೆ 2ಜಿ ಪಟ್ಟಿ ಸಣ್ಣ ಮಾಡಿದ್ದನ್ನು. ತೋಟದಮನೆಯವರಿಗೆ ಒಂದು ಎಸ್‌ಎಂಎಸ್ ಬಂದಿತ್ತೇ ಕೇಳಿ.

ತೋಟದಮನೆ
ಬಂದಿಲ್ಲ ಸರ್. ಕಾಲರ್ ಟ್ಯೂನ್ ಹಾಕಿಸಿಕೊಳ್ಳಿ ಅಂತ ಮಾತ್ರ ಬರುತ್ತೆ.

ಕಾನುಮನೆ
ಶಿರಸಿ ಕಡೆಯಿಂದ. ನಿಮ್ಮದು ಕಡ್ಡಿಯ ಚಿಂತೆ, ನಮ್ಮದು ಕರೆಂಟಿನ ಚಿಂತೆ ಮಾರಾಯ್ರೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಎರಡು ದಿನ ಇಲ್ಲ. ಟವರಿನ ಬ್ಯಾಟರಿ ಸ್ವಲ್ಪ ಹೊತ್ತು ಜಗ್ಗುತ್ತದೆ, ಆಮೇಲೆ ಡೀಸೆಲ್ ಹಾಕುವವರಿಲ್ಲ. 2ಜಿ, 4ಜಿ, 5ಜಿ ಎಲ್ಲ ಒಟ್ಟಿಗೇ ಮಲಗುತ್ತವೆ. ಮೊದಲು ಲ್ಯಾಂಡ್‌ಲೈನ್ ಇದ್ದಾಗ ಊರಿಡೀ ಕತ್ತಲಾದರೂ ಫೋನ್ ಮಾತ್ರ ಇರುತ್ತಿತ್ತು. ಅದಕ್ಕೆ ಮನೆಯ ಕರೆಂಟ್ ಬೇಡ ಅಲ್ವಾ?

ಹಳೇ ಎಕ್ಸ್‌ಚೇಂಜ್
ಬೇಡ. ಎಕ್ಸ್‌ಚೇಂಜಿನಲ್ಲಿ 48 ವೋಲ್ಟಿನ ಬ್ಯಾಟರಿ ಸಾಲು ಇರುತ್ತಿತ್ತು. ನಿಮ್ಮ ಫೋನಿಗೆ ಬೇಕಾದ ಕರೆಂಟ್ ತಾಮ್ರದ ತಂತಿಯಲ್ಲೇ ಬರುತ್ತಿತ್ತು. ಫೈಬರ್‌ನಲ್ಲಿ ಬೆಳಕು ಬರುತ್ತದೆ, ಕರೆಂಟ್ ಬರುವುದಿಲ್ಲ. ಹಾಗಾಗಿ ಮನೆಯ ಫೈಬರ್ ಡಬ್ಬಿಗೆ ಬ್ಯಾಕಪ್ ನೀವೇ ಕೊಡಬೇಕು.

ಕಾನುಮನೆ
ಕೊಟ್ಟಿದ್ದೇನೆ. ಫೈಬರ್ ಡಬ್ಬಿಗೆ 12 ವೋಲ್ಟಿನ ಮಿನಿ ಯುಪಿಎಸ್. ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಟ್ಟಿದ್ದೇನೆ. ಟವರ್ ಮಲಗಿದರೂ ಫೈಬರ್ ಜೀವಂತ ಇದ್ದರೆ ಮಾತಾಡಬಹುದು. ಆದರೆ ಮರ ಬೀಳುವಾಗ ಫೈಬರ್ ಯಾವುದು, ಕರೆಂಟ್ ಲೈನ್ ಯಾವುದು ಎಂದು ನೋಡಿಕೊಂಡು ಬೀಳುವುದಿಲ್ಲವಲ್ಲ. ನಮ್ಮಲ್ಲಿ ಎರಡೂ ಒಂದೇ ಕಂಬದ ಮೇಲೆ.

ಬೆಳ್ಳಂದೂರು ಬಾಯ್
ನಮ್ಮ ಏರಿಯಾದಲ್ಲಿ 5ಜಿ ಮಸ್ತ್. ಟೆರೇಸ್ ಮೇಲೆ 400 ಎಂಬಿಪಿಎಸ್ ದಾಟುತ್ತದೆ.

ಗುಬ್ಬಿ ಗೌಡ
ಟೆರೇಸ್ ಮೇಲೆ ಮಲಗುತ್ತೀರಾ?

ಬೆಳ್ಳಂದೂರು ಬಾಯ್
ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಯುಪಿಐ ಕೂಡ ಆಗುವುದಿಲ್ಲ ಎನ್ನುವುದು ನಿಜ. 5ಜಿ ಫ್ರೀಕ್ವೆನ್ಸಿ ಜಾಸ್ತಿ, ಅದು 26 ಗಿಗಾಹರ್ಟ್ಸ್, ಗೋಡೆ ದಾಟುವುದಿಲ್ಲ, ಅದಕ್ಕೆ.

ಆರ್‌ಎಫ್ ಹುಡುಗ
26 ಗಿಗಾಹರ್ಟ್ಸ್ ಹರಾಜಾಗಿದೆ, ಸರಿ. ಆದರೆ ನಿಮ್ಮ ಫೋನಿಗೆ ಸಿಗುತ್ತಿರುವುದು ಹೆಚ್ಚಾಗಿ 3300 ಮೆಗಾಹರ್ಟ್ಸ್ ಪಟ್ಟಿ. ಅದಕ್ಕೂ ಗೋಡೆ ಕಷ್ಟವೇ. 2022ರ ಹರಾಜಿನಲ್ಲಿ ಒಟ್ಟು 1,50,173 ಕೋಟಿ ಬಂತು. ಅದರಲ್ಲಿ 700 ಮೆಗಾಹರ್ಟ್ಸ್ ತಗೊಂಡಿದ್ದು ಜಿಯೋ ಮಾತ್ರ. 700 ದೂರ ಹೋಗುತ್ತದೆ, ಗೋಡೆಯೊಳಗೂ ಇಳಿಯುತ್ತದೆ, ಆದರೆ ಪಟ್ಟಿ ಸಣ್ಣದು, ವೇಗ ಕಡಿಮೆ. 3300 ವೇಗ ಕೊಡುತ್ತದೆ, ದೂರ ಹೋಗುವುದಿಲ್ಲ. ಜಾಹೀರಾತಿನಲ್ಲಿ ವೇಗ ಮಾತ್ರ ತೋರಿಸುತ್ತಾರೆ. ಹಳ್ಳಿಗೆ ಬೇಕಾಗಿರುವುದು ದೂರ.

ಇನ್ನೊಂದು ವಿಷಯ. ಜಿಯೋದ 5ಜಿ ತನ್ನ ಕಾಲ ಮೇಲೆ ನಿಂತಿದೆ, ಅಂದರೆ 5ಜಿಗೆ ಪ್ರತ್ಯೇಕ ಕೋರ್ (ಜಾಲವನ್ನು ನಡೆಸುವ ಕೇಂದ್ರ ಭಾಗ). ಏರ್‌ಟೆಲ್ ಶುರು ಮಾಡಿದ್ದು 4ಜಿ ಆಸರೆ ಇರುವ ಬಗೆಯಲ್ಲಿ. ಅಲ್ಲಿ ಫೋನ್ ಮೊದಲು 4ಜಿ ಹಿಡಿಯಬೇಕು, ಆಮೇಲೆ 5ಜಿ ಸೇರಿಕೊಳ್ಳುತ್ತದೆ. ಆದ್ದರಿಂದ ತೋಟದಮನೆ ಅವರ "4ಜಿ ನಾಳೆ ಹೋಗುತ್ತಾ" ಎನ್ನುವ ಭಯ ಸದ್ಯಕ್ಕೆ ಬೇಡ. 4ಜಿ ತೆಗೆದರೆ ಆಸರೆಯೇ ಹೋಗುತ್ತದೆ. ಕಾಲ್‌ಗಳಲ್ಲಿ ಹೆಚ್ಚಿನವೂ ಇವತ್ತು 4ಜಿ ಮೇಲೆಯೇ ಓಡುತ್ತಿವೆ.

ಸಿಗ್ನಲ್ ಸೀನ
ಸರಿ, ಒಂದು ಪ್ರಶ್ನೆಗೆ ಉತ್ತರ ಕೊಡಿ. 2023ರಲ್ಲೇ ₹999ಕ್ಕೆ 4ಜಿ ಕೀಪ್ಯಾಡ್ ಫೋನ್ ಬಂತು. ಇನ್ನೂ ಯಾಕೆ 2ಜಿ ಬೇಕು? ಕೆಲವರ ಹಠಕ್ಕೆ ಇಡೀ ದೇಶದ ತರಂಗಾಂತರ ಕಟ್ಟಿಹಾಕಬೇಕಾ?

ಮಂಡ್ಯದ ಮಗಳು
ಹಠ ಅಲ್ಲ ಸೀನ ಅವರೇ. ನಮ್ಮ ಅಜ್ಜಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಹಳೇ ಫೋನಿನಲ್ಲಿ ಹಸಿರು ಗುಂಡಿ ಎಡಗಡೆ, 2 ಒತ್ತಿ ಹಿಡಿದರೆ ನನಗೆ, 3 ಒತ್ತಿ ಹಿಡಿದರೆ ಮಾವನಿಗೆ. ಕೈಬೆರಳಿಗೆ ಅಭ್ಯಾಸ ಆಗಿದೆ. ಒಂದು 4ಜಿ ಕೀಪ್ಯಾಡ್ ಫೋನ್ ತಂದುಕೊಟ್ಟೆ. ಆನ್ ಆಗುವುದಕ್ಕೇ ಹೊತ್ತು ಬೇಕು, ಮಧ್ಯದ ಗುಂಡಿ ತಾಗಿದರೆ ಸಿನಿಮಾ ಶುರುವಾಗುತ್ತದೆ, ಚಾರ್ಜ್ ಎರಡು ದಿನ ನಿಂತರೆ ಪುಣ್ಯ. ಹಳೇದು ವಾರ ಬರುತ್ತಿತ್ತು. ವಾಪಸ್ ಹಳೇದಕ್ಕೇ ಬಂದಿದ್ದಾರೆ. ಅವರಿಗೆ ಯುಪಿಐ ಕೂಡ ಬೇಡ, ಮಗಳ ದನಿ ಕೇಳಿದರೆ ಸಾಕು.

ಸಿಗ್ನಲ್ ಸೀನ
ಅಜ್ಜಿ ವಿಷಯಕ್ಕೆ ನಾನು ಮಾತಾಡುವುದಿಲ್ಲ ಮೇಡಂ. ಆದರೆ ಅದು ಫೋನ್ ಮಾಡಿದವರ ತಪ್ಪು, 4ಜಿಯ ತಪ್ಪಲ್ಲ. ಚೆನ್ನಾಗಿರುವ ಸರಳ 4ಜಿ ಫೋನ್ ಮಾಡಲಿ.

ಮಂಡ್ಯದ ಮಗಳು
ಮಾಡಲಿ. ಮಾಡಿದ ಮೇಲೆ 2ಜಿ ಮುಚ್ಚಲಿ. ಈ ಎರಡು ವಾಕ್ಯದ ಕ್ರಮ ತಪ್ಪಬಾರದು ಅಷ್ಟೇ.

ಗುಬ್ಬಿ ಗೌಡ
+1

ಕಾನುಮನೆ
+1 ಮೇಡಂ.

ಅವೆನ್ಯೂ ರೋಡ್
ಅಜ್ಜಿ ಫೋನಿಗೆ ರೀಚಾರ್ಜ್ ಎಷ್ಟು ಮಾಡುತ್ತೀರಿ ಮೇಡಂ? ನಮ್ಮ ತಂದೆಗೆ ಡೇಟಾ ಬೇಡ, ಆದರೂ ಡೇಟಾ ಇರುವ ಪ್ಲಾನ್ ಹಾಕಿಸಿಕೊಂಡು ಬಂದೆವು ಎಷ್ಟೋ ಕಾಲ.

ಮಂಡ್ಯದ ಮಗಳು
ಈಗ ಮಾತು ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಲಾನ್ ಇದೆ. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಕಡ್ಡಾಯ ಮಾಡಿತು, ಮುಂದಿನ ವರ್ಷ ಬಂದವು. ಆಪ್‌ನಲ್ಲಿ ಕೆಳಗೆ ಎಲ್ಲೋ ಬಚ್ಚಿಟ್ಟಿರುತ್ತಾರೆ, ಹುಡುಕಿ.

ಗುಬ್ಬಿ ಗೌಡ
28 ದಿನದ ತಿಂಗಳು ಕಂಡುಹಿಡಿದವರಿಗೆ ಒಂದು ಪ್ರಶಸ್ತಿ ಕೊಡಬೇಕು. ವರ್ಷಕ್ಕೆ 13 ಸಲ ರೀಚಾರ್ಜ್!

ಓದುಗ 77
30 ದಿನದ ಪ್ಲಾನ್ ಒಂದಾದರೂ ಇರಲೇಬೇಕು ಅಂತ 2022ರಲ್ಲೇ ಟ್ರಾಯ್ ಹೇಳಿದೆ. ಅದೂ ಅಲ್ಲೇ ಕೆಳಗೆ ಬಚ್ಚಿಟ್ಟಿರುತ್ತಾರೆ.

ಪಕ್ಷಿ ಪ್ರೇಮಿ
ಎಲ್ಲರೂ ವೇಗದ ಬಗ್ಗೆ ಮಾತಾಡುತ್ತಿದ್ದೀರಿ. 5ಜಿ ಟವರ್ ಬಂದ ಮೇಲೆ ನಮ್ಮ ಬೀದಿಯಲ್ಲಿ ಗುಬ್ಬಚ್ಚಿ ಕಾಣೆಯಾಗಿವೆ. ಇದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

ಗುಬ್ಬಿ ಗೌಡ
ನಾನು ಇಲ್ಲೇ ಇದ್ದೇನೆ.

ಆರ್‌ಎಫ್ ಹುಡುಗ
ಗುಬ್ಬಚ್ಚಿ ಕಡಿಮೆಯಾಗಿದೆ ಎನ್ನುವ ಮಾತು 5ಜಿ ಬರುವ ಎಷ್ಟೋ ವರ್ಷ ಮೊದಲಿನದು. ಹೆಂಚಿನ ಮನೆ ಹೋಯಿತು, ಗೂಡು ಕಟ್ಟುವ ಜಾಗ ಹೋಯಿತು. ನಮ್ಮ ದೇಶ 2012ರಲ್ಲಿ ಟವರ್ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತು. ನಿಮ್ಮ ಬೀದಿಯ ಟವರ್ ವಿವರ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ ನೋಡಬಹುದು.

ಪಕ್ಷಿ ಪ್ರೇಮಿ
ಕೋರ್ಟಿಗೂ ಹೋಗಿದ್ದರಲ್ಲ ಒಬ್ಬ ನಟಿ?

ಓದುಗ 77
ಜೂಹಿ ಚಾವ್ಲಾ. 2021ರಲ್ಲಿ ದೆಹಲಿ ಹೈಕೋರ್ಟ್ ಅರ್ಜಿ ವಜಾ ಮಾಡಿ 20 ಲಕ್ಷ ದಂಡ ಹಾಕಿತು. ಮುಂದಿನ ವರ್ಷ ದಂಡವನ್ನು 2 ಲಕ್ಷಕ್ಕೆ ಇಳಿಸಿದರು. ಗುಬ್ಬಚ್ಚಿಗೆ ಬೇರೆ ಚರ್ಚೆ ಶುರು ಮಾಡಿ ಪ್ಲೀಸ್, ನಾನೂ ಬರುತ್ತೇನೆ.

ನಿರ್ವಾಹಕ
ಹೌದು, ಪಕ್ಷಿಗಳಿಗೆ ಬೇರೆ ಜಾಗ ಇದೆ. ಇಲ್ಲಿ ವಿಷಯಕ್ಕೆ ಬನ್ನಿ.

ಸ್ವದೇಶಿ ಸ್ವಾಮಿ
ಬಿಎಸ್‌ಎನ್‌ಎಲ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ! 2025ರ ಸೆಪ್ಟೆಂಬರ್ 27ರಂದು ಒಡಿಶಾದ ಝಾರ್ಸುಗುಡದಲ್ಲಿ ಸ್ವದೇಶಿ 4ಜಿ ಉದ್ಘಾಟನೆ ಆಯಿತು. 97 ಸಾವಿರಕ್ಕೂ ಜಾಸ್ತಿ ಟವರ್. ಕೋರ್ ಸಿ-ಡಾಟ್‌ದು, ರೇಡಿಯೊ ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ದು, ಎಲ್ಲ ಸೇರಿಸಿ ಕೂಡಿಸಿದ್ದು ಟಿಸಿಎಸ್. ಹಿಂದೆ ಹೊರದೇಶದವರ ಪೆಟ್ಟಿಗೆಗೆ ಕಾಯುತ್ತಿದ್ದೆವು. ಇದು ಸಣ್ಣ ಮಾತಲ್ಲ.

ಬೆಳ್ಳಂದೂರು ಬಾಯ್
ಬೇರೆಯವರು 2012ರಲ್ಲಿ 4ಜಿ ಶುರು ಮಾಡಿದರು. 2016ರಲ್ಲಿ ಜಿಯೋ ಬಂದು ಡೇಟಾ ಬೆಲೆ ನೆಲಕ್ಕೆ ಇಳಿಸಿತು. 2022ರ ಅಕ್ಟೋಬರ್ 1ಕ್ಕೆ 5ಜಿ ಕೂಡ ಬಂತು. ಇವರದು 2025ರಲ್ಲಿ 4ಜಿ. ಖುಷಿ ಪಡಬೇಕೋ ಅಳಬೇಕೋ?

ಸ್ವದೇಶಿ ಸ್ವಾಮಿ
ತಡ ಆಗಿದ್ದು ನಿಜ. 2020ರಲ್ಲಿ ಟೆಂಡರ್ ರದ್ದಾಯಿತು, ಚೀನಾ ಉಪಕರಣ ಬೇಡ ಎಂದರು, ಮತ್ತೆ ಮೊದಲಿಂದ ಶುರು. ಆದರೆ ಖಾಸಗಿಯವರು ಲಾಭ ಇಲ್ಲ ಎಂದು ಹೋಗದ ಊರಿಗೆ ಹೋಗುವವರು ಇವರೇ. 4ಜಿ ಇಲ್ಲದ 24,680 ಹಳ್ಳಿಗೆ ಟವರ್ ಹಾಕುವ ಯೋಜನೆಗೆ 2022ರಲ್ಲಿ 26,316 ಕೋಟಿ ಒಪ್ಪಿಗೆ ಆಗಿದ್ದು, ಅದನ್ನು ಮಾಡುತ್ತಿರುವುದು ಬಿಎಸ್‌ಎನ್‌ಎಲ್.

ಕಾನುಮನೆ
ಟವರ್ ಬಂದಿದೆ ಸ್ವಾಮಿ, ನಮ್ಮ ಗುಡ್ಡದ ಮೇಲೂ ಒಂದು ನಿಂತಿದೆ, ಯಾರದು ಅಂತ ಕೇಳಬೇಡಿ. ಕಂಬಿ ನಿಲ್ಲಿಸಿ ತುಂಬ ಕಾಲ ಕರೆಂಟ್ ಕೊಡಲಿಲ್ಲ. ಕೊಟ್ಟ ಮೇಲೆ ಹಿಂದಿನಿಂದ ಫೈಬರ್ ಬಂದಿಲ್ಲ. ಕಾಡಿನ ಮೂಲಕ ಅಗೆಯಲು ಅನುಮತಿ ಬೇಕಂತೆ. ಸದ್ಯ ಕಾಗೆ ಕೂರುತ್ತಿವೆ.

ನಿರ್ವಾಹಕ
ಮತ್ತೆ ಪಕ್ಷಿ 🙂

ಆರ್‌ಎಫ್ ಹುಡುಗ
ಕಾನುಮನೆ ಅವರು ಹೇಳಿದ್ದು ತಮಾಷೆ ಅಲ್ಲ. ಫೋನಿಂದ ಟವರ್‌ವರೆಗೆ ಮಾತ್ರ ಗಾಳಿ. ಟವರಿನಿಂದ ಮುಂದಕ್ಕೆ ಫೈಬರ್ ಬೇಕು, ಇಲ್ಲದಿದ್ದರೆ ಮೈಕ್ರೋವೇವ್ ಡಿಶ್. ಡಿಶ್ ಮೇಲೆ 2ಜಿ ಆರಾಮಾಗಿ ಓಡುತ್ತದೆ, ಅದಕ್ಕೆ ಬೇಕಾಗುವುದು ಕಡಿಮೆ. 5ಜಿಗೆ ಸಾಲದು. ಕಡ್ಡಿ ಪೂರ್ತಿ ಇದ್ದು ವೀಡಿಯೊ ಸುತ್ತುತ್ತಲೇ ಇದ್ದರೆ ಎಷ್ಟೋ ಸಲ ತೊಂದರೆ ಇರುವುದು ಟವರಿನ ಹಿಂದೆ. 2011ರಲ್ಲಿ ಶುರುವಾದ ಪಂಚಾಯಿತಿ ಫೈಬರ್ ಯೋಜನೆ, ಈಗಿನ ಭಾರತ್‌ನೆಟ್, ಇನ್ನೂ ನಡೆಯುತ್ತಲೇ ಇದೆ.

ಓದುಗ 77
ಅಂದಹಾಗೆ ಮೆಷಿನ್‌ಗಳಿಗೆ ಹಾಕುವ ಸಿಮ್‌ಗೆ 13 ಅಂಕಿಯ ನಂಬರ್ ಅಂತ 2018ರಲ್ಲಿ ಬಂದಾಗ ನಮ್ಮ ಆಫೀಸಿನಲ್ಲಿ ಎಲ್ಲರ ಮೊಬೈಲ್ ನಂಬರೂ 13 ಅಂಕಿ ಆಗುತ್ತೆ ಅಂತ ವಾಟ್ಸಾಪ್ ಸುತ್ತಿತ್ತು. ನೆನಪಿದೆಯಾ? ಒಬ್ಬರು ವಿಸಿಟಿಂಗ್ ಕಾರ್ಡ್ ಪ್ರಿಂಟ್ ಮಾಡಿಸುವುದನ್ನೇ ನಿಲ್ಲಿಸಿದ್ದರು.

ತೋಟದಮನೆ
ಎಲ್ಲರಿಗೂ ಧನ್ಯವಾದ. ನಿನ್ನೆ ಅಂಗಡಿಗೆ ಹೋಗಿದ್ದೆ. ಎರಡು 4ಜಿ ಡಬ್ಬಿ ತೋರಿಸಿದರು. ಒಂದು ಕಡಿಮೆ ಬೆಲೆಯದು, ಇನ್ನೊಂದು ಜಾಸ್ತಿ. ವ್ಯತ್ಯಾಸ ಕೇಳಿದರೆ "ಇದು ಕಂಪನಿ ಮಾಲು" ಎಂದರು. ಏನು ನೋಡಿ ತಗೊಳ್ಳಬೇಕು?

ಆರ್‌ಎಫ್ ಹುಡುಗ
ಇದೇ ಮುಖ್ಯ, ಗಮನವಿಟ್ಟು ಓದಿ. 4ಜಿ ಅಂತ ಬರೆದ ಡಬ್ಬಿಗಳೆಲ್ಲ 4ಜಿ ಮೇಲೆ ಕಾಲ್ ಎತ್ತುವುದಿಲ್ಲ. ಮೂರು ಬಗೆ ಇವೆ. ಕೆಲವು ಡೇಟಾ ಮಾತ್ರ, ಮೊಬೈಲ್ ಆಪ್‌ನಿಂದ ಆನ್-ಆಫ್. ನಿಮ್ಮ ತಂದೆಯ ಕೀಪ್ಯಾಡ್ ಫೋನಿಗೆ ಅದು ಬರುವುದಿಲ್ಲ. ಕೆಲವಕ್ಕೆ ಡೇಟಾ 4ಜಿ, ಕಾಲ್ ಬಂದಾಗ ಮಾತ್ರ 2ಜಿಗೆ ಇಳಿಯುತ್ತವೆ. ನಿಮ್ಮಲ್ಲಿ 2ಜಿಯೇ ಇಲ್ಲದ ಮೇಲೆ ದುಡ್ಡು ನೀರಿಗೆ. ನಿಮಗೆ ಬೇಕಾಗಿರುವುದು ವಿಒಎಲ್‌ಟಿಇ ಇರುವ ಮಾಡ್ಯೂಲ್, ಅಂದರೆ 4ಜಿ ಮೇಲೆಯೇ ಕಾಲ್ ತಗೊಳ್ಳುವಂಥದ್ದು. ಬಾಯಿಮಾತು ನಂಬಬೇಡಿ. ಅಂಗಡಿಯಲ್ಲೇ ಒಂದು ಜಿಯೋ ಸಿಮ್ ಹಾಕಿ ಕಾಲ್ ಮಾಡಿ ನೋಡಿ. ಅವರ ಹತ್ತಿರ 2ಜಿ ಇಲ್ಲವೇ ಇಲ್ಲ. ಡಬ್ಬಿ ಎತ್ತಿದರೆ, 1 ಒತ್ತಿದಾಗ ರಿಲೇ "ಟಕ್" ಅಂದರೆ, ಅದು ನಿಜವಾದ 4ಜಿ ಕಾಲ್.

ಆಮೇಲೆ ಬ್ಯಾಂಡ್, ಅಂದರೆ ಡಬ್ಬಿ ಹಿಡಿಯಬಲ್ಲ ತರಂಗಾಂತರ ಪಟ್ಟಿಗಳ ನಂಬರ್. ಕಾಗದದಲ್ಲಿ 3, 5, 8, 40 ಇರಲಿ. ಬಿಎಸ್‌ಎನ್‌ಎಲ್ ಹಾಕುವ ಯೋಚನೆ ಇದ್ದರೆ 28 ಮತ್ತು 1 ಇರಬೇಕು. 28 ಇಲ್ಲದ ಡಬ್ಬಿಗೆ ಅವರ 700 ಮೆಗಾಹರ್ಟ್ಸ್ ಕಾಣುವುದೇ ಇಲ್ಲ.

ಗುಬ್ಬಿ ಗೌಡ
ಇದನ್ನು ಮೊದಲೇ ಹೇಳಿದ್ದರೆ! ನಮ್ಮೂರಲ್ಲಿ ಮೂರು ಜನ ಆಪ್ ಡಬ್ಬಿ ತಗೊಂಡು ಈಗ ಮಗ ಬೆಂಗಳೂರಿನಿಂದ ಮೋಟರ್ ಆನ್ ಮಾಡುತ್ತಿದ್ದಾನೆ. ಅಪ್ಪ ಫೋನ್ ಮಾಡಿ ಮಗನಿಗೆ ಹೇಳುವುದು, ಮಗ ಮೀಟಿಂಗ್‌ನಲ್ಲಿ ಇದ್ದರೆ ತೋಟ ಒಣಗುವುದು.

ಮಂಡ್ಯದ ಮಗಳು
ಯಾವ ಕಂಪನಿಯ 4ಜಿ ಬೋರ್‌ವೆಲ್ ಹತ್ತಿರ ಬರುತ್ತದೆ ಎಂದು ಮ್ಯಾಪ್‌ನಲ್ಲೂ ನೋಡಬಹುದು. ಟ್ರಾಯ್‌ನ 2024ರ ನಿಯಮದ ಪ್ರಕಾರ ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ 2ಜಿ, 4ಜಿ, 5ಜಿ ಎಲ್ಲಿ ಸಿಗುತ್ತದೆ ಎಂದು ನಕ್ಷೆ ಹಾಕಬೇಕು. ಪೂರ್ತಿ ನಂಬಬೇಡಿ, ಹಳ್ಳದಲ್ಲಿ ಇಳಿದರೆ ನಕ್ಷೆ ಬೇರೆ, ನೆಲ ಬೇರೆ. ಆದರೆ ದೂರು ಕೊಡುವಾಗ ಆ ನಕ್ಷೆಯ ಸ್ಕ್ರೀನ್‌ಶಾಟ್ ಒಳ್ಳೇ ಆಯುಧ.

ಸಿಗ್ನಲ್ ಸೀನ
ನನ್ನ ಮಾತು ಈಗಲೂ ಅದೇ. ಸರ್ಕಾರ ಒಂದು ದಿನಾಂಕ ಹಾಕಿಬಿಡಬೇಕು. ಸಿಂಗಾಪುರ 2017ರಲ್ಲೇ 2ಜಿ ಮುಚ್ಚಿತು. ದಿನಾಂಕ ಇದ್ದರೆ ಅಂಗಡಿಯವನೂ ಹಳೇ ಡಬ್ಬಿ ಮಾರುವುದಿಲ್ಲ, ತಗೊಳ್ಳುವವನಿಗೂ ಗೊತ್ತಿರುತ್ತದೆ.

ಹಳೇ ಎಕ್ಸ್‌ಚೇಂಜ್
ದಿನಾಂಕ ಬೇಕು ಎನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಸಿಂಗಾಪುರ ಒಂದು ಊರಿನಷ್ಟು. ಬ್ರಿಟನ್ ನೋಡಿ. ಅಲ್ಲಿ ಹಳೇ ತಾಮ್ರದ ಫೋನ್ ಜಾಲವನ್ನು 2025ರ ಕೊನೆಗೆ ಮುಚ್ಚುತ್ತೇವೆ ಎಂದಿದ್ದರು. ವಯಸ್ಸಾದವರು ಕುತ್ತಿಗೆಗೆ ಹಾಕಿಕೊಳ್ಳುವ ತುರ್ತು ಅಲಾರಂಗಳು ಅದೇ ಲೈನ್ ಮೇಲೆ ಓಡುತ್ತಿದ್ದವು. ಹೊಸದಕ್ಕೆ ಹಾಕಿದಾಗ ಕೆಲವು ಕೆಲಸ ಮಾಡಲಿಲ್ಲ. 2027ರ ಜನವರಿಗೆ ಮುಂದೂಡಿದರು. ಅಲ್ಲಿ ಅಲಾರಂ, ಇಲ್ಲಿ ಸ್ಟಾರ್ಟರ್. ದಿನಾಂಕ ಹಾಕುವ ಮೊದಲು ಈ ಜಾಲದ ಮೇಲೆ ಫೋನ್ ಬಿಟ್ಟು ಬೇರೆ ಏನೇನು ಕೂತಿದೆ ಎಂದು ಎಣಿಸಬೇಕು. ನಮ್ಮಲ್ಲಿ ಅದನ್ನು ಎಣಿಸಿದವರು ಯಾರು?

ಸಿಗ್ನಲ್ ಸೀನ
ಎಣಿಸುತ್ತಾ ಕೂತರೆ ಯಾವತ್ತೂ ಮುಚ್ಚುವುದಿಲ್ಲ ಸರ್.

ಹಳೇ ಎಕ್ಸ್‌ಚೇಂಜ್
ಎಣಿಸದೆ ನಾವು ಒಂದು ಜೋಡಿಯನ್ನೂ ಕಿತ್ತವರಲ್ಲ.

ಅವೆನ್ಯೂ ರೋಡ್
ಸ್ಟಾರ್ಟರ್ ಕಂಪನಿಗಳು ಎಕ್ಸ್‌ಚೇಂಜ್ ಆಫರ್ ಕೊಡುತ್ತವಾ? ಹಳೇ ಡಬ್ಬಿಯ ಕಾಂಟ್ಯಾಕ್ಟರ್, ರಿಲೇ ಎಲ್ಲ ಚೆನ್ನಾಗೇ ಇರುತ್ತದೆ. ರೇಡಿಯೊ ಬೋರ್ಡ್ ಮಾತ್ರ ಬದಲಾಯಿಸಲು ಆಗುವುದಿಲ್ಲವಾ?

ತೋಟದಮನೆ
ಒಳ್ಳೇ ಪ್ರಶ್ನೆ. ಕೆಲವದರಲ್ಲಿ ಬೋರ್ಡ್ ಬಿಚ್ಚಿ ಬರುತ್ತದಂತೆ. ನಾಳೆ ನಮ್ಮ ಎಲೆಕ್ಟ್ರಿಷಿಯನ್ ಹತ್ತಿರ ಡಬ್ಬಿ ತೆಗೆಸಿ ಫೋಟೊ ಹಾಕುತ್ತೇನೆ, ಆರ್‌ಎಫ್ ಅವರು ನೋಡಿ ಹೇಳಿ.

ಆರ್‌ಎಫ್ ಹುಡುಗ
ಹಾಕಿ. ಮೇನ್ ಸ್ವಿಚ್ ಆಫ್ ಮಾಡಿಸಿ ತೆಗೆಸಿ, 415 ವೋಲ್ಟ್ ಇರುತ್ತದೆ. ಮಾಡ್ಯೂಲ್ ಮೇಲಿನ ತಗಡಿನ ಅಕ್ಷರ ಕಾಣುವ ಹಾಗೆ ಹತ್ತಿರದಿಂದ ತೆಗೆಯಿರಿ.